ಹಾಲು ಬೆರೆಸುವ ಮೊದಲು ಒಂದು ಲೋಟ

ಆ ವಾರ ಶೈಮಾ ಶಾಲೆಗೆ ಹೋಗಲೇ ಇಲ್ಲ. ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು, ಜಡೆ ಹೆಣೆಸಿಕೊಂಡು, ಬಾಗಿಲ ತನಕ ಬಂದು ಹೊಟ್ಟೆ ಹಿಡಿದು ಕೂತುಬಿಡುತ್ತಿದ್ದಳು. ಮೂರನೇ ಕ್ಲಾಸಿನ ಹುಡುಗಿ. ಇಳಿದು ಇಳಿದು ಕೊರಳ ಕೆಳಗಿನ ಎಲುಬು ಎದ್ದು ಕಾಣುತ್ತಿತ್ತು.

ಅದು ಹೊಟ್ಟೆನೋವೆಂದು ತಾಯಿ ಮುಮ್ತಾಝ್ ನಂಬಿರಲಿಲ್ಲ. ಗಂಡ ನವಾಝ್ ಗಲ್ಫಿನಲ್ಲಿ. ಮಂಗಳೂರಿನ ಬಿಕರ್ನಕಟ್ಟೆಯ ಎರಡು ಕೋಣೆಯ ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ಅವರ ಮನೆಯಲ್ಲಿ ಯಾವಾಗಲೂ ಸುಲೈಮಾನಿ, ಹಾಲಿಲ್ಲದ ಚಹಾ. ತವರಿನಲ್ಲೂ ಅದೇ ರೂಢಿ. ಶಾಲೆಯಲ್ಲಿ ಬೆಳಿಗ್ಗೆ ಬಿಸಿ ಹಾಲು ಕೊಡುತ್ತಾರೆ, ಮಗುವಿನ ಹೊಟ್ಟೆಗೆ ಅಲ್ಲಾದರೂ ನಾಲ್ಕು ಗುಟುಕು ಹಾಲು ಬೀಳುತ್ತದೆ ಎಂಬುದು ಅವಳಿಗೊಂದು ಸಮಾಧಾನವಾಗಿತ್ತು. ಹಾಗಾಗಿ, ಮಗಳು ಹಾಲನ್ನು ಕೈತೊಳೆಯುವಲ್ಲಿ ಚೆಲ್ಲುತ್ತಾಳೆ ಎಂಬ ದೂರು ಜೂನ್ ತಿಂಗಳಲ್ಲಿ ಬಂದಾಗ ಅವಳಿಗೆ ತಲೆ ಎತ್ತಲಾಗದಂತಾಯಿತು. ಅಂದೇ ಹೋಗಿ ಕ್ಲಾಸಿನ ಪ್ರೇಮ್ ಮಾಸ್ಟ್ರಿಗೆ ಹೇಳಿ ಬಂದಳು: "ನೀವು ಹತ್ತಿರ ನಿಂತು ಕುಡಿಸಿ ಸಾರ್. ಲೋಟ ಖಾಲಿ ಆಗುವವರೆಗೆ ಬಿಡಬೇಡಿ."

ಮಾಸ್ಟ್ರು ಹಾಗೆಯೇ ಮಾಡಿದರು. ಮಗು ಸೊರಗಿತು. ಸೊರಗಿತಲ್ಲ ಎಂದು ಮುಮ್ತಾಝ್, ನವಾಝ್ ಕಳುಹಿಸಿದ್ದ ಗಲ್ಫಿನ ಹಾಲಿನ ಪುಡಿಯ ಡಬ್ಬ ಒಡೆದಳು. ಆ ಡಬ್ಬಕ್ಕೆ ಅವರ ಕಡೆ ಒಂದು ಮರ್ಯಾದೆ ಉಂಟು. ಬಾಣಂತಿಗೆ, ಜ್ವರ ಬಿಟ್ಟು ಎದ್ದವರಿಗೆ, ಹಬ್ಬದ ಪುಡ್ಡಿಂಗಿಗೆ ಮಾತ್ರ ಅದನ್ನು ತೆರೆಯುವುದು. ದಿನಾ ಸಂಜೆ ಎರಡು ಚಮಚ ಕದಡಿ ಕೊಟ್ಟಳು. ಮಗು ಇನ್ನೂ ಸೊರಗಿತು. ಅವಳು ಇನ್ನೊಂದು ಚಮಚ ಸೇರಿಸಿದಳು.

ಪಕ್ಕದ ಮನೆಯ ಆನ್ಸಿ ಬಾಯಿ ಅತ್ತಾವರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಗುರುವಾರ ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ಬರುವಾಗ, ಬಾಗಿಲಲ್ಲಿ ಕೂತ ಮಗುವನ್ನು ಕಂಡು ಚಪ್ಪಲಿ ಬಿಟ್ಟು ಒಳಗೆ ಬಂದರು.

"ಎಂತ ಶೈಮಾ, ಇವತ್ತೂ ರಜೆಯಾ? ನಿನ್ನ ಹೆಡ್ ಟೀಚರಿಗೂ ಇಷ್ಟು ರಜೆ ಇಲ್ಲ ಅಲ್ವಾ."

"ಹೊಟ್ಟೆನೋವಂತೆ," ಮುಮ್ತಾಝ್ ಹೇಳಿದಳು. "ದಸರಾ ರಜೆಗೆ ಅಜ್ಜಿ ಮನೆಗೆ ಹೋದಾಗ ಹದಿನೈದು ದಿನ ಎಂತದೂ ಇಲ್ಲ. ಶಾಲೆ ಸುರುವಾಯ್ತು, ನೋವೂ ಸುರುವಾಯ್ತು. ರಜೆಗೆ ಗುಣ ಆಗುವ ನೋವು ಯಾವುದು ಬಾಯಿ, ನೀವೇ ಹೇಳಿ."

ಆನ್ಸಿ ಬಾಯಿ ಮೇಜಿನ ಮೇಲಿದ್ದ ಹಾಲಿನ ಪುಡಿಯ ಡಬ್ಬ ನೋಡಿದರು. "ಅಜ್ಜಿ ಮನೆಯಲ್ಲಿ ಇವಳು ಹಾಲು ಕುಡಿದಿದ್ಳಾ?"

"ಅಲ್ಲಿ ಯಾರು ಹಾಲು ಕುಡಿಯುವುದು?"

ಆನ್ಸಿ ಬಾಯಿ ನೆಲಕ್ಕೆ ಕೂತರು. "ಹಾಲು ಕುಡಿದು ಎಷ್ಟು ಹೊತ್ತಿಗೆ ನೋವು ಬರುವುದು, ಮಗಾ?"

ಶೈಮಾ ಮೊದಲು ತಾಯಿಯ ಮುಖ ನೋಡಿದಳು. "ಎರಡನೇ ಪೀರಿಯಡ್‌ಗೆ. ಸಂಜೆಯ ಹಾಲಿಗೆ ರಾತ್ರಿ. ಗುಡುಗುಡು ಆಗ್ತದೆ. ಮತ್ತೆ ಓಡಬೇಕು. ಹೋದ ಶುಕ್ರವಾರ ಓಡ್ಲಿಕ್ಕೆ ಆಗ್ಲಿಲ್ಲ."

ಶುಕ್ರವಾರ ಮಗಳು ಯಾರದೋ ಲಂಗ ಉಟ್ಟು ಮನೆಗೆ ಬಂದದ್ದು ಮುಮ್ತಾಝಳಿಗೆ ನೆನಪಾಯಿತು. ನೀರು ಬಿತ್ತು ಎಂದಿದ್ದಳು. ತಾನೂ ಹೆಚ್ಚು ಕೇಳಿರಲಿಲ್ಲ.

"ಎಲ್ಲರೂ ಮೂಗು ಮುಚ್ಚಿದ್ರು," ಶೈಮಾ ಮೆಲ್ಲಗೆ ಹೇಳಿದಳು. "ನನ್ನ ಪಕ್ಕ ಕೂರುವ ಫಾಯಿಝಾ ಚೀಲ ತಗೊಂಡು ಬೇರೆ ಬೆಂಚಿಗೆ ಹೋದ್ಳು."

"ನನ್ನತ್ರ ಯಾಕೆ ಹೇಳ್ಲಿಲ್ಲ ನೀನು?"

"ಹೊಟ್ಟೆನೋವು ಅಂತ ಮೊದಲೇ ಹೇಳಿದ್ದೆ ಉಮ್ಮ. ಕಳ್ಳಾಟ ಅಂತ ನೀನೇ ಹೇಳಿದ್ದು."

ಮುಮ್ತಾಝ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಳು. ಆದರೂ ಮನಸ್ಸು ಒಪ್ಪಲೊಲ್ಲದು. "ಹಾಲಿಂದ ಹೀಗೆಲ್ಲ ಆಗ್ತದಾ ಬಾಯಿ? ಹುಟ್ಟಿದ ಮಗು ಕುಡಿಯುವುದೂ ಹಾಲನ್ನೇ ಅಲ್ವಾ?"

"ಹಾಲಿನಲ್ಲಿ ಒಂದು ಬಗೆಯ ಸಕ್ಕರೆ ಉಂಟು. ಅದನ್ನು ಜೀರ್ಣ ಮಾಡುವ ಶಕ್ತಿ ಕೆಲವರಿಗೆ ಬೆಳೀತಾ ಬೆಳೀತಾ ಕಡಿಮೆ ಆಗ್ತದೆ. ಆಗ ಹೊಟ್ಟೆ ಉಬ್ಬುವುದು, ನೋವು, ಭೇದಿ. ಇನ್ನು ಕೆಲವರಿಗೆ ಹಾಲಿನ ಅಲರ್ಜಿ. ಅದು ಬೇರೆಯೇ. ಮೈಯಲ್ಲಿ ದದ್ದು ಏಳ್ತದೆ, ತುಟಿ ಊದ್ತದೆ, ಉಸಿರು ಕಟ್ಟುವುದೂ ಉಂಟು. ಅಂಥವರಿಗೆ ಒಂದು ಗುಟುಕೂ ಅಪಾಯ, ಕೂಡಲೇ ಆಸ್ಪತ್ರೆಗೆ ಓಡಬೇಕು. ಇವಳದ್ದು ಯಾವುದು ಅಂತ ನಾನೂ ಹೇಳ್ಬಾರ್ದು, ನೀನೂ ಹೇಳ್ಬಾರ್ದು. ನಾಳೆ ಡಾಕ್ಟರ ಹತ್ರ ಹೋಗುವ."

"ಹಾಲು ಬಿಟ್ರೆ ಎಲುಬಿಗೆ ಎಂತ ಕೊಡುವುದು?"

"ರಾಗಿ ಇಲ್ವಾ? ಎಳ್ಳು, ಹರಿವೆ ಸೊಪ್ಪು ಇಲ್ವಾ? ಬೂತಾಯಿ ಮೀನನ್ನು ಮುಳ್ಳು ಮೆತ್ತಗಾಗುವಷ್ಟು ಬೇಯಿಸಿ ಕೊಡು ಮಾರಾಯ್ತಿ. ಮಂಗಳೂರಲ್ಲಿದ್ದುಕೊಂಡು ಇದನ್ನು ನನ್ನತ್ರ ಕೇಳ್ತೀಯಲ್ಲ."

ಡಾಕ್ಟರು ಮಗುವನ್ನು ಪರೀಕ್ಷೆ ಮಾಡಿ, ಎರಡು ವಾರ ಹಾಲು ಪೂರ್ತಿ ನಿಲ್ಲಿಸಿ ನೋಡುವಂತೆ ಹೇಳಿದರು. ನಿಲ್ಲಿಸಿದ ನಾಲ್ಕನೇ ದಿನಕ್ಕೆ ಹೊಟ್ಟೆ ತಣ್ಣಗಾಯಿತು. ಎರಡು ವಾರ ಕಳೆದು, ಹಾಲಿನ ಸಕ್ಕರೆ ಇವಳಿಗೆ ಜೀರ್ಣವಾಗುವುದಿಲ್ಲ ಎಂದು ಚೀಟಿ ಬರೆದುಕೊಟ್ಟರು. ಹೊಟ್ಟೆ ಸರಿಯಾದರೂ ಶೈಮಾ ಶಾಲೆಯ ದಾರಿ ಹಿಡಿಯಲಿಲ್ಲ. "ಅಲ್ಲಿ ಪುನಃ ಹಾಲು ಕೊಡ್ತಾರೆ," ಎಂದು ಚಾಪೆಯ ಮೇಲೆ ಮಗ್ಗುಲಾದಳು.

ಮುಮ್ತಾಝ್ ಚೀಟಿ ಹಿಡಿದು ಒಬ್ಬಳೇ ಶಾಲೆಗೆ ಹೋದಳು.

"ನಮಗೆ ಬರುವುದೇ ಹಾಲಿನ ಪುಡಿ," ಎಂದರು ಹೆಡ್ ಟೀಚರ್. "ಒಬ್ಬಳಿಗಾಗಿ ಬೇರೆ ಎಂತ ಮಾಡುವುದು ಹೇಳಿ."

ಲೋಟಗಳ ಬುಟ್ಟಿ ಹೊತ್ತು ಹೋಗುತ್ತಿದ್ದ ಅಡುಗೆಯ ನಳಿನಾಕ್ಷಿ ಬಾಗಿಲಲ್ಲೇ ನಿಂತಳು. "ಟೀಚರ್, ವಾರದಲ್ಲಿ ಮೂರು ದಿನ ನಾವು ಹಾಲಿಗೆ ರಾಗಿ ಸೇರಿಸುವುದಲ್ವಾ? ರಾಗಿಯನ್ನು ನಾನು ಮೊದಲು ನೀರಲ್ಲೇ ಬೇಯಿಸುವುದು. ಹಾಲು ಬೆರೆಸುವ ಮೊದಲು ಒಂದು ಲೋಟ ಬೇರೆ ತೆಗೆದು, ಬೆಲ್ಲ ಹಾಕಿದ್ರೆ ಆಯ್ತು. ಉಳಿದ ದಿನಕ್ಕೆ ಮನೆಯಿಂದ ಹಿಟ್ಟು ಕೊಟ್ಟು ಕಳಿಸ್ಲಿ, ಬೇಯಿಸ್ತೇನೆ. ಸೌಟು, ಪಾತ್ರೆ ಮಾತ್ರ ಬೇರೆ ಇಡಬೇಕು."

ಹೆಡ್ ಟೀಚರ್ ಚೀಟಿಯನ್ನು ಇನ್ನೊಮ್ಮೆ ಓದಿ ಫೈಲಿಗೆ ಸೇರಿಸಿದರು. "ನಾಳೆಯಿಂದಲೇ ಮಾಡಿ," ಎಂದರು.

"ಇಷ್ಟೇನಾ?" ಮುಮ್ತಾಝ್ ಕೇಳಿದಳು.

"ಇಷ್ಟೇ," ಎಂದಳು ನಳಿನಾಕ್ಷಿ. ಆಮೇಲೆ ತಗ್ಗಿದ ಸ್ವರದಲ್ಲಿ, "ಹೋದ ವರ್ಷ ಶೈಲೇಶ್ ಅಂತ ಒಬ್ಬ ಇದ್ದ. ಹಾಲು ಕುಡಿದ ಮೇಲೆ ಓಡ್ತಿದ್ದ. ಪಾಠ ತಪ್ಪಿಸ್ಲಿಕ್ಕೆ ಅಂತ ನಾವೆಲ್ಲ ನಗಾಡಿದ್ದು. ಒಂದು ದಿನ ಬರುವುದೇ ಬಿಟ್ಟ."

"ಅವನಿಗೂ ಹತ್ತಿರ ನಿಂತು ಕುಡಿಸಿದ್ದು ನಾನೇ," ಎಂದರು ಹಾಜರಿ ಪುಸ್ತಕ ಇಡಲು ಬಂದಿದ್ದ ಪ್ರೇಮ್ ಮಾಸ್ಟ್ರು. ಆ ಸಂಜೆ ಅವರು ಶೈಲೇಶನ ಮನೆ ಹುಡುಕಿಕೊಂಡು ಹೋದರು. ಅಲ್ಲಿ ಬೇರೆ ಬಾಡಿಗೆಯವರಿದ್ದರು. ಹಿಂದಿನವರು ಎಲ್ಲಿ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ.

ಮರುದಿನ ನಳಿನಾಕ್ಷಿಯೇ ಮನೆಗೆ ಬಂದು ಶೈಮಾಳ ಕೈ ಹಿಡಿದು ಶಾಲೆಗೆ ಕರೆದೊಯ್ದಳು. ಶೈಮಾ ಈಗ ದಿನಾ ಹೋಗುತ್ತಾಳೆ, ರಾಗಿ ಕುಡಿಯುತ್ತಾಳೆ, ಮೈಯೂ ತುಂಬುತ್ತಿದೆ. "ಮಗಳು ಹಾಲು ಕುಡೀತಾಳಾ?" ಎಂದು ನವಾಝ್ ಫೋನಿನಲ್ಲಿ ಕೇಳಿದರೆ, "ಅವಳಿಗೆ ಆಗುವುದಿಲ್ಲ, ಇನ್ನು ಪುಡಿ ಕಳಿಸಬೇಡಿ," ಎನ್ನುತ್ತಾಳೆ ಮುಮ್ತಾಝ್. ಆದರೆ ಕ್ಲಾಸಿನಲ್ಲಿ ಅವಳ ಬೆಂಚಿನ ಇನ್ನೊಂದು ತುದಿ ಈಗಲೂ ಖಾಲಿ, ಫಾಯಿಝಾ ಮರಳಿ ಬಂದಿಲ್ಲ. ಮನೆಯಲ್ಲಿ ತಾಯಿ ಏನು ಕೊಟ್ಟರೂ ಮಗು ಮೊದಲು ಮೂಸಿ ನೋಡುತ್ತದೆ.

"ಉಮ್ಮ, ಇದರಲ್ಲಿ ಹಾಲು ಉಂಟಾ?"

"ಇಲ್ಲ ಮಗಾ."

"ನಿಜವಾ?"

ದಿನಕ್ಕೆ ಮೂರು ಸಲ ಕೇಳುತ್ತಾಳೆ. ಮೂರು ಸಲವೂ ಮುಮ್ತಾಝ್ ಕೈಯ ಕೆಲಸ ಬಿಟ್ಟು, ಮಗಳ ಎದುರು ಕೂತು, ಉತ್ತರ ಕೊಡುತ್ತಾಳೆ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗುವೂ ಹಾಲು ಚೆಲ್ಲುತ್ತಿರಬಹುದು. ಗದರುವ ಮೊದಲು ಯಾಕೆಂದು ಕೇಳಿ. ಹಾಲು ಕುಡಿದ ಮೇಲೆ ಹೊಟ್ಟೆ ಕೆಡುತ್ತದೆಯೇ, ಮೈಯಲ್ಲಿ ದದ್ದು ಏಳುತ್ತದೆಯೇ ನೋಡಿ, ಡಾಕ್ಟರಿಗೆ ತೋರಿಸಿ. ಅವರ ಚೀಟಿಯನ್ನು ಶಾಲೆಗೆ ಕೊಟ್ಟು, ಹಾಲಿನ ಬದಲಿಗೆ ಏನು ಕೊಡಬಹುದೆಂದು ಅಡುಗೆಯವರನ್ನೂ ಕೂರಿಸಿಕೊಂಡು ಮಾತಾಡಿ. ಮಾಸ್ಟ್ರುಗಳೇ, ಟೀಚರುಗಳೇ, ಖಾಲಿ ಲೋಟ ನೋಡಿದ್ದು ಸಾಕು. ಕುಡಿದ ಮಗುವಿನ ಮುಖವನ್ನೂ ಒಮ್ಮೆ ನೋಡಿ.

ಮಗು ನೋವೆಂದು ಮೊದಲ ಸಲ ಹೇಳಿದಾಗಲೇ ನಂಬಿ. ಎರಡನೇ ಸಲ ಅದು ನಿಮ್ಮಲ್ಲಿ ಹೇಳಲಿಕ್ಕಿಲ್ಲ.