ಮಲವಗೊಪ್ಪಕ್ಕೆ ಹೋದ ಕುರ್ಚಿ

"ಕುರ್ಚಿ ಇಲ್ದೆ ನೀವು ಬಾಯಿ ಬಿಡಕೂಡ್ದು ಸ್ವಾಮಿ," ಎಂದಳು ಕರಿಯಮ್ಮ. "ನಮ್ಮ ಹಟ್ಟಿಗೆ ಮರ್ಯಾದೆ ಅಲ್ಲ."

ಬಾಯಿ ಬಿಡಲೆಂದೇ ಶಿವಮೊಗ್ಗದಿಂದ ಕಡೇಹಟ್ಟಿಗೆ ಜಟಕಾ ಮಾಡಿಕೊಂಡು ಬಂದಿದ್ದ ಷಡಕ್ಷರಪ್ಪನವರು ಅರ್ಧ ತೆರೆದ ಬಾಯನ್ನು ಹಾಗೇ ಮುಚ್ಚಿದರು. ಅವರು ಪ್ರಜಾಪ್ರತಿನಿಧಿ ಸಭೆಯ ಮೆಂಬರು. ಬೆಂಗಳೂರಿನಲ್ಲಿ ಬಜೆಟ್ಟಿನ ಅಧಿವೇಶನ ಮುಗಿಸಿ ಬಂದವರು, ಅಲ್ಲಿ ಏನೇನಾಯಿತೆಂದು ಊರೂರಿಗೆ ಹೇಳಿಬರುವ ಪದ್ಧತಿಯನ್ನು ತಾವಾಗಿಯೇ ಹಚ್ಚಿಕೊಂಡಿದ್ದರು. ಹಿಂದಿನ ದಿನ, ಭಾನುವಾರ ಸಂಜೆ, ಭದ್ರಾವತಿಯಲ್ಲಿ ಕಾರ್ಖಾನೆಯ ಕೂಲಿಗಳೆದುರು ಒಂದೂಕಾಲು ಗಂಟೆ ಮಾತಾಡಿದ್ದರು. ಕೇಳಿದವರಲ್ಲಿ ಅರ್ಧ ಜನ ತಮಿಳರು, ಕಾಲು ಜನ ತೆಲುಗರು. ಚಪ್ಪಾಳೆ ಮಾತ್ರ ಅಚ್ಚ ಕನ್ನಡದಲ್ಲೇ ಬಿದ್ದಿತ್ತು.

ಕಡೇಹಟ್ಟಿಯಲ್ಲಿ ಮನೆ ಹದಿನೆಂಟು, ವೋಟು ಮೂರು. ವೋಟು ಇದ್ದದ್ದು ಕಂದಾಯ ಕಟ್ಟುವವರಿಗಷ್ಟೇ; ಜಮೀನು ಅವಳ ಹೆಸರಲ್ಲೇ ಇದ್ದುದರಿಂದ ಮೂರರಲ್ಲೊಂದು ಕರಿಯಮ್ಮನದು. ಉಳಿದಿಬ್ಬರು ಅವಳ ಮುಖ ನೋಡಿ ತಲೆಯಾಡಿಸುವವರು. ಮೆಂಬರಿಗೆ ಇದು ಗೊತ್ತಿತ್ತು. ನಿಂತೇ ಹೇಳುತ್ತೇನೆ ಎಂದರು. ಮೆಂಬರು ನಿಂತು ಊರು ಕೂತರೆ ಸುತ್ತಲಿನವರು ಏನಂದಾರು ಎಂದಳು. ಜಗಲಿಯ ಮೇಲೆ ಕೂರುತ್ತೇನೆ ಎಂದರು. ಜಗಲಿ ಇರುವುದು ಎಲೆಯಡಿಕೆಗೆ, ಹಾರಕ್ಕಲ್ಲ ಎಂದಳು.

ಊರಿಗೆ ಇದ್ದದ್ದು ಒಂದೇ ಕುರ್ಚಿ, ಅದೂ ಶಾಲೆಯದು ಎಂದು ಪುಟ್ಟಯ್ಯ ಮೇಷ್ಟರು ವಿನಯದಿಂದ ವಿವರಿಸಿದರು. ಈ ವರ್ಷದಿಂದ ಕಡೇಹಟ್ಟಿಯ ಶಾಲೆ ಮಲವಗೊಪ್ಪದ ಶಾಲೆಯಲ್ಲಿ ವಿಲೀನವಾಗಿತ್ತು. ಸಾಮಾನು ಸಮೇತ ಎಂದು ಹುಕುಂ ಬಂದಿತ್ತು. ಕುರ್ಚಿ, ಗಂಟೆ, ಹಾಜರಿ ಪುಸ್ತಕ, ಭೂಪಟ ಎಲ್ಲ ಹೋದವು; ಕೊನೆಯ ಸಾಮಾನಾಗಿ ಪುಟ್ಟಯ್ಯನವರೂ ದಿನಾ ಹೋಗಿಬರುತ್ತಿದ್ದರು.

"ತರಿಸಿಬಿಡಿ, ಮೇಷ್ಟ್ರೇ."

"ತರೋಕೆ ಹೋಗಿ ಬಂದ್ರೆ ನಾಲ್ಕು ಮೈಲಿ, ಸಾರ್. ನಾವೇ ಹೋದ್ರೆ ಎರಡೇ."

"ಎರಡು ಮೈಲಿ ಮಕ್ಕಳಿಗೆ ಆಟ ಅಂತ ನೀವೇ ಸಭೇಲಿ ಹೇಳಿದ್ರಂತಲ್ಲ," ಎಂದಳು ಕರಿಯಮ್ಮ. "ನನ್ನ ಮೊಮ್ಮಗಳು ಶಾಂತ ಪೇಪರು ಓದಿ ಹೇಳಿದ್ಲು."

ಆ ಮಾತು ಅಚ್ಚಾದ ಪತ್ರಿಕೆ ಷಡಕ್ಷರಪ್ಪನವರ ಕೋಟಿನ ಜೇಬಿನಲ್ಲೇ ಇತ್ತು. ಭಾಷಣದ ಕೊನೆಯಲ್ಲಿ ಓದಲೆಂದು ತಂದಿದ್ದರು. ಶಾಲೆಗಳನ್ನು ಒಟ್ಟುಗೂಡಿಸಿದ್ದು ಸರಿಯೆಂದು ಸಭೆಯಲ್ಲಿ ಎದ್ದು ನಿಂತು ಬೆಂಬಲಿಸಿದ್ದರು. ಬೆಂಬಲಿಸಿದಾಗ ಕಡೇಹಟ್ಟಿಯ ನೆನಪು ಬಂದಿರಲಿಲ್ಲ, ಅಷ್ಟೆ. ಜಟಕಾ ಹೋಗುವ ದಾರಿ ಏಳು ಮೈಲಿ ಸುತ್ತು, ಕುದುರೆ ಆಗಲೇ ಹುಲ್ಲಿಗೆ ಬಾಯಿ ಹಾಕಿತ್ತು. ಹೀಗಾಗಿ ಸಭೆ ಎದ್ದು ಕಾಲುದಾರಿ ಹಿಡಿಯಿತು. ಮುಂದೆ ಸ್ಲೇಟು ಹಿಡಿದ ಶಾಂತ, ಹಿಂದೆ ಜರಿಪೇಟದ ಮೆಂಬರು, ಅವರ ಹಿಂದೆ ಹಾರ ಹಿಡಿದ ಪುಟ್ಟಯ್ಯ, ಆಮೇಲೆ ಊರು.

ಷಡಕ್ಷರಪ್ಪನವರು ಸುಮ್ಮನಿರುವ ಜಾತಿಯಲ್ಲ. "ಮಹಾಜನರೇ, ಈ ಸಾಲಿನ ಆಯವ್ಯಯದಲ್ಲಿ" ಎಂದು ನಡೆಯುತ್ತಲೇ ಶುರುಮಾಡಿದರು. ಮೊದಲ ಫರ್ಲಾಂಗಿನಲ್ಲಿ ಆದಾಯ, ಎರಡನೆಯದರಲ್ಲಿ ವೆಚ್ಚ. ರಸ್ತೆಗಳ ಅಭಿವೃದ್ಧಿ ಎನ್ನುವಾಗ ಬಲಗಾಲಿನ ಪಂಪ್ ಷೂ ಕೆಸರಿನಲ್ಲೇ ಉಳಿಯಿತು. ಪುಟ್ಟಯ್ಯ ಅದನ್ನು ಎತ್ತಿ, ಒರೆಸಿ, ಹಾರದಷ್ಟೇ ಗೌರವದಿಂದ ಕೊಟ್ಟರು. ಮೈಲಿಯೊಂದಾಗುವ ಹೊತ್ತಿಗೆ "ಮಹಾಜನರೇ" ಎನ್ನುವುದು "ಮಹಾಜನ್ರೇ" ಆಗಿ, ಆಮೇಲೆ ಬರೀ "ಹಾ" ಆಗಿ ಉಳಿದಿತ್ತು.

"ಭದ್ರಾವತೀಲಿ ಕಾಗದದ ಕಾರ್ಖಾನೆ ಏಳ್ತಾ ಇದೆ," ಎಂದರು ಉಸಿರು ಸಿಕ್ಕಿದಾಗ. "ನಮ್ಮ ಬಿದಿರು, ನಮ್ಮ ಕಾಗದ."

"ಒಳ್ಳೇದಾಯ್ತು ಸ್ವಾಮಿ," ಎಂದಳು ಕರಿಯಮ್ಮ. "ಬರೆಯೋರನ್ನ ಎಲ್ಲಿಂದ ತರಿಸ್ತೀರಿ?"

ಮುಂದೆ ನಾಲೆ ಬಂತು. ನಾಲೆಗೆ ಅಡ್ಡವಾಗಿ ಒಂದು ಮರದ ದಿಮ್ಮಿ, ಅದೇ ಸಂಕ. ಕೆಳಗೆ ಆಳೆತ್ತರದ ಕೆಂಪು ನೀರು ಅವಸರದಲ್ಲಿ ಹೋಗುತ್ತಿತ್ತು. ಮಾರ್ಚಿನವರೆಗೆ ಹಟ್ಟಿಯ ಶಾಲೆಗೆ ಆರು ಹುಡುಗಿಯರು ಬರುತ್ತಿದ್ದರು. ಈ ಸಂಕ ನೋಡಿ ಐದು ಮನೆಯವರು ಬಿಡಿಸಿದರು. ಉಳಿದವಳು ಶಾಂತ ಒಬ್ಬಳು. ದಿನಾ ಕೈಹಿಡಿದು ದಾಟಿಸುವವಳು ಕರಿಯಮ್ಮ.

"ಇನ್ನು ಹದಿನೈದು ದಿನ," ಎಂದಳು ಅವಳು, ದನಿ ತಗ್ಗಿಸಿ. ಮೊಮ್ಮಗಳು ಆಗಲೇ ದಿಮ್ಮಿಯ ಮೇಲಿದ್ದಳು. "ಮಳೆ ಬಲಿತ ಮೇಲೆ ನಾನೇ ನಿಲ್ಲಿಸ್ತೀನಿ. ನನ್ನ ಮಂಡಿ ಕೇಳಲ್ಲ. ಅವಳಿಗಿನ್ನೂ ಹೇಳಿಲ್ಲ."

ಷಡಕ್ಷರಪ್ಪನವರು ದಿಮ್ಮಿಯ ಮೇಲೆ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. ಮುಂದೆ ಹೋಗಲು ಕಾಲಿಲ್ಲ, ಹಿಂದೆ ಹೋಗಲು ಮುಖವಿಲ್ಲ. ಆಚೆ ದಡ ಮುಟ್ಟಿದ್ದ ಶಾಂತ ಅರ್ಧದವರೆಗೆ ತಿರುಗಿ ಬಂದಳು.

"ಕೆಳಗೆ ನೋಡ್ಬೇಡಿ ತಾತ. ನನ್ನ ಜಡೆ ನೋಡ್ಕಂಡು ಬನ್ನಿ."

ಅವರು ಜಡೆಯನ್ನೇ ನೋಡಿದರು. ಜಡೆಯೂ ತೂಗಾಡುತ್ತಿತ್ತು. ಕಡೆಗೆ, ಕುರ್ಚಿಯಿಲ್ಲದೆ ಕೂರಬಾರದ ಮೆಂಬರು ದಿಮ್ಮಿಯ ಎರಡೂ ಕಡೆ ಕಾಲು ಇಳಿಬಿಟ್ಟು ಕೂತು, ಕೈಯೂರಿ, ಗೇಣು ಗೇಣಾಗಿ ಸರಿಯುತ್ತ ದಾಟಿದರು. ಅಷ್ಟು ಹೊತ್ತೂ ಹಟ್ಟಿಯವರೆಲ್ಲ ಆಕಾಶದಲ್ಲಿ ಹಾರುತ್ತಿದ್ದ ಒಂದು ಬೆಳ್ಳಕ್ಕಿಯನ್ನು ಬಹಳ ಆಸಕ್ತಿಯಿಂದ ನೋಡಿದರು.

ಮಲವಗೊಪ್ಪದ ಶಾಲೆಯಲ್ಲಿ ಕುರ್ಚಿ ಸಿದ್ಧವಾಗಿತ್ತು. ಮಕ್ಕಳು ಸಾಲಾಗಿ ಎದ್ದು ನಿಂತರು. ಪುಟ್ಟಯ್ಯ ಹಾರ ಹಾಕಿದರು. ಕರಿಯಮ್ಮ ಸೆರಗಿನಿಂದ ಕುರ್ಚಿ ಒರೆಸಿ, ಇನ್ನು ಬಾಯಿ ಬಿಡಬಹುದು ಎಂಬಂತೆ ಕೈ ತೋರಿಸಿದಳು. ಪಂಚೆಯ ಹಿಂಭಾಗವೆಲ್ಲ ಪಾಚಿಯಾಗಿದ್ದ ಷಡಕ್ಷರಪ್ಪನವರು ಕೂರಲಿಲ್ಲ. ಜೇಬಿನಿಂದ ಪತ್ರಿಕೆ ತೆಗೆದರು, ನೋಡಿದರು, ಮತ್ತೆ ಮಡಿಸಿದರು. ಅವರ ಜೀವಮಾನದಲ್ಲೇ ಅತಿ ಚಿಕ್ಕ ಭಾಷಣ ಅದು.

"ಎರಡು ಮೈಲಿ ಆಟ ಅಂತ ಹೇಳಿದ್ದೆ. ಇವತ್ತು ಆಡ್ಕೊಂಡು ಬಂದೆ. ಸೋತೆ. ದಸರಾ ಸಭೇಲಿ ದಿವಾನರ ಮುಂದೆ ಇದನ್ನೇ ಹೇಳ್ತೀನಿ."

ಚಪ್ಪಾಳೆ ಹೊಡೆಯಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಮೆಂಬರು ಬಂದ ಸಂತೋಷಕ್ಕೆ ಹೆಡ್ಮಾಸ್ತರು ಅರ್ಧ ದಿನ ರಜ ಕೊಟ್ಟಾಗ ಮಕ್ಕಳಿಗೆ ತಿಳಿಯಿತು.

ಕಡೇಹಟ್ಟಿಯ ಕುರ್ಚಿಯನ್ನು ತಮ್ಮ ಜವಾಬ್ದಾರಿಯ ಮೇಲೆ ಒಯ್ಯುತ್ತಿದ್ದೇನೆಂದು ಷಡಕ್ಷರಪ್ಪನವರು ಚೀಟಿ ಬರೆದುಕೊಟ್ಟರು. ಚಿಕ್ಕ ತರಗತಿಗಳನ್ನಾದರೂ ಹಟ್ಟಿಯಲ್ಲೇ ನಡೆಸುವ ವಿಷಯ ಇನ್ಸ್‌ಪೆಕ್ಟರ ಹತ್ತಿರ ಈ ವಾರವೇ ಮಾತಾಡುತ್ತೇನೆ ಎಂದರು. ಆಗುತ್ತದೆ ಎನ್ನಲಿಲ್ಲ.

"ಆಗ್ದಿದ್ರೆ?" ಎಂದಳು ಕರಿಯಮ್ಮ.

"ಆಗೋತನಕ ದಿನಾ ಆ ಇನ್ಸ್‌ಪೆಕ್ಟರನ್ನೇ ಆ ಸಂಕ ದಾಟಿಸ್ತೀನಿ, ಅಜ್ಜಿ."

ಅವಳು ಆ ದಿನ ಮೊದಲ ಸಲ ನಕ್ಕಳು. ಹಿಂದಿರುಗುವಾಗ ಮೆಂಬರು ಷೂ ಕಳಚಿ ಕೈಯಲ್ಲಿ ಹಿಡಿದು, ಯಾರೂ ಹೇಳದೆಯೇ ದಿಮ್ಮಿಯ ಮೇಲೆ ಕೂತರು. ಪುಟ್ಟಯ್ಯ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ನಡೆದೇ ದಾಟಿದರು.

ಹಟ್ಟಿ ತಲುಪುವಾಗ ಹನಿ ಶುರುವಾಗಿತ್ತು. ಕುರ್ಚಿ ನೆನೆಯಬಾರದೆಂದು ಪುಟ್ಟಯ್ಯ ಉಡಿದಾರದಿಂದ ಬೀಗದಕೈ ಬಿಚ್ಚಿ ಶಾಲೆಯ ಬಾಗಿಲು ತೆಗೆದರು. ಸಾಮಾನಿನ ಪಟ್ಟಿಯಲ್ಲಿ ಬೀಗದಕೈ ಸೇರಿಸಲು ಅವರು ಮರೆತಿದ್ದರು. ಒಳಗೆ ಬರಿ ನೆಲ. ಗೋಡೆಗೇ ಬಳಿದಿದ್ದರಿಂದ ಕಪ್ಪು ಹಲಗೆಯೊಂದು ಮಾತ್ರ ಉಳಿದಿತ್ತು, ಅದರ ಮೇಲೆ ೩೧-೩-೩೮, ಗುರುವಾರ.

ಶಾಂತ ಕುರ್ಚಿಯನ್ನು ಗೋಡೆಯ ಹತ್ತಿರ ಎಳೆದಳು. ಅದರ ಮೇಲೆ ಹತ್ತಿ ನಿಂತು, ಅಂಗೈಯಿಂದ ತಾರೀಖನ್ನೂ ಗುರುವಾರವನ್ನೂ ಅಳಿಸಿದಳು. ನೆಲದಲ್ಲಿ ಬಿದ್ದಿದ್ದ ಸುಣ್ಣದ ಚೂರೊಂದನ್ನು ಷಡಕ್ಷರಪ್ಪನವರು ಬಗ್ಗಿ ಎತ್ತಿಕೊಟ್ಟರು. ಅವಳು ಸೋಮವಾರ ಎಂದು ಬರೆದು ಮುಗಿಸುವವರೆಗೆ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದರು.