ಮುಹೂರ್ತದ ತೂತು

ಅರಸೀಕೆರೆಯ ಇಂದುಧರನಿಗೆ ಕೊಬ್ಬರಿ ವ್ಯಾಪಾರ ಸಾಕಾಗಿ ವಿಮಾನದ ಹುಚ್ಚು ಹಿಡಿದಿತ್ತು. ವಿಮಾನಕ್ಕೆ ಹೋಗುವ ಕಾರ್ಬನ್ ನಾರಿನ ಹಲಗೆಗಳಿಗೆ ತೂತು ಕೊರೆಯುವ ಶೆಡ್ ತೆರೆದ. ಬೆಂಗಳೂರಿನ ಕಂಪನಿಯೊಂದು ಕೆಲಸ ಹೇಗಿದೆ ನೋಡೋಣವೆಂದು ಮೊದಲಿಗೆ ಒಂದೇ ಒಂದು ಹಲಗೆ ಕಳಿಸಿತ್ತು. ತಪಾಸಣೆಗೆ ಪಕ್ಕದ ಗಂಡಸಿ ಊರಿನ ಅಕ್ಷತಾ. ಅವಳ ಸಹಿ ಇಲ್ಲದೆ ಹಲಗೆ ಹೊಸ್ತಿಲು ದಾಟುವಂತಿಲ್ಲ. ಅವಳ ಮನೆಯಲ್ಲಿ ದುಡಿಯುವವಳೂ ಅವಳೊಬ್ಬಳೇ.

ಹಲಗೆಯೆಂದರೆ ಪದರದ ಮೇಲೆ ಪದರ, ಪ್ಲಾಸ್ಟಿಕ್ ಕರಗಿಸಿ ಅಂಟಿಸಿದ್ದು. ಡ್ರಿಲ್ಲಿನ ತುದಿ ಹೊರಬೀಳುವ ಕಡೆ ಆಸರೆ ಇಲ್ಲದಿದ್ದರೆ ಕೊನೆಯ ಪದರ ಕಿತ್ತು ಬರುತ್ತದೆ. ಅದಕ್ಕೇ ಅಕ್ಷತಾ ಹಿಂದೆ ಮರದ ತುಂಡು ಬಿಗಿದಿದ್ದಳು. ಆದರೆ ಮುಹೂರ್ತ ಎಂದ ಮೇಲೆ ಮೊದಲ ತೂತು ಗಣ್ಯರದ್ದೇ ಆಗಬೇಕಲ್ಲ! ಸಮಾಜದ ಹಿರಿಯ ಮಹಾಂತೇಶಪ್ಪ ಶಾಲು ಹೊದ್ದು ಬಂದರು. ಡ್ರಿಲ್ಲಿಗೆ ಹೂವು, ಹಲಗೆಗೆ ವಿಭೂತಿ.

“ಆ ಮರ ತೆಗೀರಿ ಸಾರ್, ತುದಿ ಆಚೆ ಬರೋದು ಫೋಟೋಗೆ ಬೀಳ್ಬೇಕು,” ಎಂದ ಫೋಟೋ ತೆಗೆಯುವ ರಘು.

“ಬೇಡ ಸಾರ್!” ಅಕ್ಷತಾ ಕೂಗಿಕೊಂಡಳು. ಇಂದುಧರ ತೆಗೆದೇಬಿಟ್ಟ. ಮಹಾಂತೇಶಪ್ಪ ತೆಂಗಿನಕಾಯಿ ಸುಲಿಯುವವರ ಹಾಗೆ ಮೈಭಾರವೆಲ್ಲ ಹಾಕಿ ಒತ್ತಿದರು. ಚಟ್ ಎಂದಿತು. ಚಪ್ಪಾಳೆಯೋ ಚಪ್ಪಾಳೆ.

ಅಕ್ಷತಾ ಹಲಗೆ ತಿರುಗಿಸಿದಳು. ತೂತಿನ ಸುತ್ತ ಪದರ ಎದ್ದು ಸಿಬಿರು ಸಿಬಿರಾಗಿತ್ತು. ಅವಳಿಗೆ ಮೈಯೆಲ್ಲ ಉರಿಯಿತು.

“ಮುಂದ್ಗಡೆ ಗುಂಡಗೆ ಐತಲ್ಲ! ಹಿಂದೆ ಯಾವನು ನೋಡ್ತಾನೆ? ಒಂಚೂರು ಗೋಂದು ಬಳಿದು ಸಹಿ ಹಾಕು. ಇಲ್ಲಾಂದ್ರೆ ನಾಳೆಯಿಂದ ಬರಬೇಡ,” ಎಂದ ಇಂದುಧರ.

ಅವಳು ಫಾರಂ ತೆಗೆದಳು. “ಆಗ್ಲಿ ಸಾರ್. ಮೊದ್ಲು ಕೊರೆದವರ ಸಹಿ, ಆಮೇಲೆ ನಂದು. ಹಿರಿಯರೇ, ಇಲ್ಲಿ ನಿಮ್ಮ ಹೆಸರು, ವಿಳಾಸ ಬರೀರಿ. ವಿಮಾನ ಎಷ್ಟು ವರ್ಷ ಹಾರಾಡುತ್ತೋ ಅಷ್ಟು ವರ್ಷ ಈ ಕಾಗದ ಇರುತ್ತೆ. ಏನಾದ್ರೂ ಆದ್ರೆ ಮೊದ್ಲು ಈ ಹೆಸರನ್ನೇ ಹುಡುಕ್ಕೊಂಡು ಬರ್ತಾರೆ.”

ಮಹಾಂತೇಶಪ್ಪನವರ ಮುಖ ಇಳಿದುಹೋಯಿತು. “ನಾನೆಲ್ಲಮ್ಮ ಕೊರೆದೆ? ಶಾಸ್ತ್ರಕ್ಕೆ ಸುಮ್ನೆ ಕೈ ಇಟ್ಟಿದ್ದೆ ಕಣಮ್ಮ. ಮರ ತೆಗೆದಿದ್ದು ಇಂದುಧರ.”

“ಅಯ್ಯೋ ಶಿವನೇ! ತೆಗೆಸಿದ್ದು ಇವನು,” ಎಂದು ಇಂದುಧರ ರಘುವಿನ ಕಡೆ ಬೆರಳು ಮಾಡಿದ. ರಘು ಆಗಲೇ ಚೀಲ ಹೆಗಲಿಗೇರಿಸಿದ್ದ. ಶೆಡ್ಡಿನ ತುಂಬ ಜನ, ತೂತು ಕೊರೆದವರು ಮಾತ್ರ ಒಬ್ಬರೂ ಇಲ್ಲ!

ಅಕ್ಷತಾ ಪೆನ್ನನ್ನು ಇಂದುಧರನ ಮೂಗಿನ ಮುಂದೆ ಹಿಡಿದಳು. “ಹಾಗಾದ್ರೆ ನಿಮ್ದೇ ಹಾಕಿ ಸಾರ್.”

ಇಂದುಧರ ಎರಡು ಹೆಜ್ಜೆ ಹಿಂದೆ ಸರಿದ. “ರಿಜೆಕ್ಟ್ ಅಂತ ಬರಿ ತಾಯಿ. ದೊಡ್ಡಕ್ಷರದಲ್ಲಿ ಬರಿ.”