ಲೋಥರ್ ಮಾವನ ನಾಮಕರಣ

ನಮ್ಮಮ್ಮ ಗೆರ್ಡಾ ಜರ್ಮನಿಯವಳು. ಅಪ್ಪ ಅಲ್ಲಿಗೆ ಓದಲು ಹೋಗಿ ಮದುವೆಯಾಗಿ ಕರೆತಂದದ್ದು. ಅವಳ ತಮ್ಮ ಲೋಥರ್ ಯುದ್ಧಕ್ಕೆ ಹೋದವನು ರಷ್ಯಾದಲ್ಲಿ ಕಾಣೆಯಾದ. ಐದು ವರ್ಷ ಕಾದು, ನಮ್ಮಜ್ಜಿ ಸೀತಮ್ಮ ಅಪ್ಪನಿಗೆ ಹೇಳಿದಳು: "ಭಾವಮೈದನಿಗೂ ತರ್ಪಣ ಕೊಡಬೇಕು ಕಣೋ. ಗೋತ್ರ ಗೊತ್ತಿಲ್ಲದಿದ್ರೆ ಕಾಶ್ಯಪ ಅನ್ನು."

ಹಾಗೆ ಪ್ರತಿ ಮಹಾಲಯ ಅಮಾವಾಸ್ಯೆ, ಜಯನಗರದ ನಮ್ಮ ಮನೆಯಲ್ಲಿ ಕಾಶ್ಯಪ ಗೋತ್ರದ ಲೋಥರನಿಗೂ ಅಪ್ಪ ಎಳ್ಳುನೀರು ಬಿಡುತ್ತಿದ್ದರು. ಅಮ್ಮ ಆ ಹೊತ್ತಿಗೆ ರೂಮು ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಐವತ್ತೈದರ ಡಿಸೆಂಬರಿನಲ್ಲಿ ಕಾಗದ ಬಂತು. ಮಾವ ಬದುಕಿದ್ದ! ರಷ್ಯಾದ ಸೆರೆಯಿಂದ ಬಿಟ್ಟಿದ್ದರು. ಅಮ್ಮ ನಡುಮನೆಯಲ್ಲೇ ಕುಸಿದು ಕೂತು ಅಳುತ್ತಾ ನಕ್ಕಳು. ಅಜ್ಜಿ ಮಾತ್ರ, "ಅಯ್ಯೋ, ಬದುಕಿರೋನಿಗೆ ತರ್ಪಣ ಕೊಡಿಸಿಬಿಟ್ಟೆನಲ್ಲೇ!" ಎಂದು ಪುರೋಹಿತರ ಮನೆಗೆ ಓಡಿದಳು. ಅವನು ಮತ್ತೆ ಹುಟ್ಟಿದ ಹಾಗೆ, ನಾಮಕರಣ ಮಾಡಿಬಿಡಿ ಅಂದರು ಅವರು.

ಮಾವ ಬಂದದ್ದು ಅರವತ್ತೊಂದರಲ್ಲಿ. ನಲವತ್ತರ ಆರಡಿ ಆಳು. ಅಜ್ಜಿ ಬಿಡಲಿಲ್ಲ. ಮಣೆಯ ಮೇಲೆ ಕೂರಿಸಿ, ನಾಲಿಗೆಗೆ ಜೇನು ಸವರಿ, ಕಿವಿಯಲ್ಲಿ ಮೂರು ಸಲ "ಲೋಥರ್" ಅಂದಳು. ನನಗೋ ನಾಚಿಕೆಯಿಂದ ಮೈಯೆಲ್ಲ ಉರಿಯುತ್ತಿತ್ತು.

ಅಮ್ಮ ಅವನಿಗೆ ಜರ್ಮನ್‌ನಲ್ಲಿ ಎಲ್ಲ ವಿವರಿಸಿದಳು, ಎಳ್ಳುನೀರಿನ ವಿಷಯವನ್ನೂ ಬಿಡದೆ. ಮಾವ ಅಜ್ಜಿಯ ಕೈ ಹಿಡಿದುಕೊಂಡು ಏನೋ ಹೇಳಿದ.

"ಏನಂತೆ? ಬೈದನಾ?" ಅಂದಳು ಅಜ್ಜಿ.

"ಇಲ್ಲ ಅತ್ತೆ," ಅಂದಳು ಅಮ್ಮ. "ಅಲ್ಲಿ ಸೆರೆಯಲ್ಲಿ ಹತ್ತು ವರ್ಷ ಅವನನ್ನ ಬರೀ ನಂಬರ್ ಹೇಳಿ ಕೂಗ್ತಿದ್ರಂತೆ. ನೀವಾದ್ರೂ ಹೆಸರು ಹಿಡಿದು ಕರೀತಿದ್ರಲ್ಲ ಅಂತಾನೆ."